ಬಿಟ್ಟುಕೊಡಲಾಗದ ಅರವತ್ತು ದಿನ

ದಾಕ್ಷಿಣ್ಯ ನನ್ನ ಮಟ್ಟಿಗೆ ಗುಣವಲ್ಲ, ಕಾಯಿಲೆ. ಊಟಕ್ಕೆ ಕರೆದವರು ಮೂರನೆಯ ಸಲ ಪಾಯಸ ಬಡಿಸಿದರೂ ಕೈ ಅಡ್ಡ ಹಿಡಿಯಲಾರೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ವಾಲ್‌ನಟ್ ಎಂಬ ಊರಿನ ಗೆಳೆಯರು ಮನೆ ಬದಲಿಸುತ್ತಾರೆಂದರೆ, ಸೊಂಟನೋವಿದ್ದರೂ ಸೋಫಾ ಎತ್ತಲು ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. "ನಿಮ್ಮ ಬಾಯಲ್ಲಿ ಇಲ್ಲ ಅನ್ನೋ ಮಾತು ಬರೋದು ನನ್ನ ಹತ್ರ ಮಾತ್ರ" ಎನ್ನುತ್ತಾಳೆ ಹೆಂಡತಿ ವಸುಧಾ.

ಕಾರ್ಲ್ಸ್‌ಬಾಡ್‌ನ ಲ್ಯಾಬ್ ಕೆಲಸ ಹೋದ ಮೇಲೆ, ನಾಯಿಗಳಿಗೆ ಸ್ನಾನ ಮಾಡಿಸುವ ಕಂಪನಿಯೊಂದರ ಫ್ರಾಂಚೈಸಿ ತೆಗೆದುಕೊಂಡೆ. ಚಿಕ್ಕಂದಿನಲ್ಲಿ ನಾಯಿ ಕಂಡರೆ ರಸ್ತೆ ದಾಟುತ್ತಿದ್ದವನು ನಾನು. ಕರಾರಿಗೆ ಸಹಿ ಹಾಕಿಸಲು ಬಂದ ಕಂಪನಿಯ ಬ್ರಯನ್, ನನಗೂ ಒಂದು ಕಾಫಿ ತಂದಿದ್ದ. ಕಾಫಿ ಕೊಟ್ಟವನ ಎದುರೇ ಕೂತು ಪುಟಪುಟವನ್ನೂ ಓದಿದರೆ ಅವನನ್ನು ನಂಬದಂತಾಗುವುದಿಲ್ಲವೇ? ಅವನು ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದೆ. ಅದರಲ್ಲೊಂದು ಪುಟ, ಕಂಪನಿ ನನ್ನಲ್ಲಿ ತಪ್ಪು ಕಂಡರೆ ಅದನ್ನು ತಿದ್ದಿಕೊಳ್ಳಲು ಕಾನೂನು ಕೊಡುವ ಕಾಲಾವಕಾಶ ನನಗೆ ಬೇಡ ಎನ್ನುತ್ತಿತ್ತಂತೆ.

ಅಂಗಡಿ ಕೈಹಿಡಿಯಿತು. ಒದ್ದೆ ನಾಯಿಯ ವಾಸನೆಯೂ ಒಗ್ಗಿಹೋಯಿತು. ಆದರೆ ಮಿಂದ ಪ್ರತಿ ನಾಯಿಯೂ ಕಂಪನಿಯ ಕಿತ್ತಳೆ ಸ್ಕಾರ್ಫ್ ಕಟ್ಟಿಕೊಂಡೇ ಹೊರಡಬೇಕೆಂಬ ನಿಯಮವಿತ್ತು. ಕಾರ್ಮೆಲ್ ವ್ಯಾಲಿಯ ಅಜ್ಜಿಯೊಬ್ಬರು, "ನನ್ನ ನಾಯಿಗೆ ಅದು ಕಂಡ್ರಾಗಲ್ಲ, ದಯವಿಟ್ಟು ಬೇಡ" ಎಂದರು. ಹಾಗೆಂದವರಿಗೆ ಹೇಗೆ ಕಟ್ಟಲಿ? ಅವರನ್ನು ನೋಡಿ ಇನ್ನಿಬ್ಬರು ಕೇಳಿದರು. ಇನ್‌ಸ್ಪೆಕ್ಷನ್‌ಗೆ ಬಂದವರ ಕಣ್ಣಿಗೆ ಒಂದೇ ಬೆಳಗ್ಗೆ ಮೂರು ಬೋಳು ಕುತ್ತಿಗೆ ಬಿದ್ದವು. ಎರಡು ದಿನಕ್ಕೆ ಕಂಪನಿಯ ಪತ್ರ ಬಂತು: ಕರಾರು ರದ್ದು, ಶುಕ್ರವಾರದೊಳಗೆ ಬೋರ್ಡ್ ಇಳಿಸಿ.

ಅವತ್ತು ಟಬ್ ತೊಳೆಯುತ್ತ ಅತ್ತುಬಿಟ್ಟೆ. ನನ್ನ ಜೊತೆ ದುಡಿಯುವ ಇಬ್ಬರು ಹೆಂಗಸರಿಗೆ ಏನು ಹೇಳಲಿ? ಈ ವಯಸ್ಸಿನಲ್ಲಿ ಮತ್ತೆ ಯಾರ ಮುಂದೆ ರೆಸ್ಯೂಮೆ ಹಿಡಿದು ನಿಲ್ಲಲಿ? ವಸುಧಾ ಬೈಯಲಿಲ್ಲ. ಅದರಿಂದಲೇ ಹೆಚ್ಚು ಭಯವಾಯಿತು.

ಮರುದಿನ ಅವಳೇ ಲಾಸ್ ಏಂಜಲೀಸ್‌ಗೆ, ಉಡುಪಿ ಕಡೆಯ ವಕೀಲರಾದ ಪೈಗಳ ಬಳಿಗೆ ಕರೆದೊಯ್ದಳು. ಅವರು ಕರಾರನ್ನು ಪೂರ್ತಿ ಓದಿದರು. ಬಹುಶಃ ಅದನ್ನು ಓದಿದ ಮೊದಲ ಮನುಷ್ಯ ಅವರೇ.

"ತಲೆಬಿಸಿ ಮಾಡ್ಬೇಡಿ ಮಾರಾಯ್ರೆ. ಇಂಥ ತಪ್ಪು ಸರಿ ಮಾಡ್ಲಿಕ್ಕೆ ಕಮ್ಮಿ ಅಂದ್ರೂ ಅರವತ್ತು ದಿನ ಕೊಡ್ಬೇಕು. ಕ್ಯಾಲಿಫೋರ್ನಿಯಾದ ಕಾನೂನು. ಅದು ಬೇಡ ಅಂತ ನೀವು ಸೈನ್ ಹಾಕಿದ್ರೂ ಆ ಸೈನ್ ನಡೆಯುದಿಲ್ಲ."

"ಆದ್ರೆ ಸಾರ್, ನಾನು ಒಪ್ಪಿಯೇ ಹಾಕಿದ್ದು" ಎಂದೆ, ಕಂಪನಿಯ ಪರ ವಕೀಲನಂತೆ.

ಪೈಗಳು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿಮ್ಮಂಥವರು ಇದ್ದಾರಂತ್ಲೇ ಆ ಕಾನೂನು ಮಾಡಿದ್ದು."

ಜೀವ ಬಂದಂತಾಯಿತು. ನಾಚಿಕೆಯೂ ಆಯಿತು. ನನ್ನ ಒಪ್ಪಿಗೆಯನ್ನು ಅಷ್ಟಾಗಿ ನೆಚ್ಚಿಕೊಳ್ಳಬಾರದೆಂದು ಸರಕಾರಕ್ಕೂ ಗೊತ್ತಿತ್ತು.

ಪೈಗಳು ಬರೆದ ಪತ್ರ ಕಂಪನಿಗೆ ತಲುಪಿದ ದಿನವೇ ಬ್ರಯನ್ ಫೋನ್ ಮಾಡಿದ. ದನಿ ಕುಗ್ಗಿತ್ತು. ಮೇಲಿನವರು ತನ್ನನ್ನು ಬೈಯುತ್ತಿದ್ದಾರೆ, ಆ ಅರವತ್ತು ದಿನ ಬೇಡ ಎಂದು ಹೊಸದಾಗಿ ಒಂದು ಕಾಗದ ಕಳಿಸುತ್ತೇನೆ, ಸ್ನೇಹಕ್ಕಾದರೂ ಸಹಿ ಹಾಕಿ ಎಂದ. ಪಾಪ, ಅವನಿಗೂ ಸಂಸಾರವಿದೆ. 'ಆಯಿತು' ಎಂಬ ಮಾತು ಗಂಟಲವರೆಗೂ ಬಂತು. ಎದುರಿಗೆ ಆ ಇಬ್ಬರು ಹೆಂಗಸರು ಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನೇನೋ ಬಿಟ್ಟುಕೊಟ್ಟೇನು ಬ್ರಯನ್, ಕಾನೂನು ಬಿಡಲ್ಲ" ಎಂದೆ.

ಐವತ್ತನಾಲ್ಕು ವರ್ಷದಲ್ಲಿ ಹೊರಗಿನವರೊಬ್ಬರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಅದೂ ಕಾನೂನಿನ ಹೆಸರು ಹೇಳಿ, ಮೂರು ಸಲ ಸಾರಿ ಕೇಳಿ.