ಅತ್ತೆಗಾಗಿ ಕಟ್ಟಿದ ಡ್ರೈವರ್

ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಂಡ ಗಂಡನಿಗೆ ಸ್ವಂತ ಮನೆಯಲ್ಲಿ ಕವಡೆಯ ಕಿಮ್ಮತ್ತಿಲ್ಲ. "ಪುಕ್ಕಟೆ ಸಿಕ್ತಂತ ತಂದು ತುಂಬ್ಯಾರ" ಎಂಬುದು ನನ್ನ ಹೆಂಡತಿ ಶಿವಕಾಂತಾಳ ತೀರ್ಪು. (ಪುಕ್ಕಟೆ ಕೊತ್ತಂಬರಿಗಾಗಿ ಭಾಜಿವಾಲನ ಜೊತೆ ಮರಾಠಿಯಲ್ಲಿ ಮಹಾಯುದ್ಧ ಹೂಡುವವಳೂ ಇವಳೇ.)

ಆ ಭಾನುವಾರ ಅತ್ತೆ ಸಾಬವ್ವ ಖಡಕಿಯ ನಮ್ಮ ಮನೆಯಿಂದ ಸಂಜೆಯ ಗಾಡಿಗೆ ಗುಲ್ಬರ್ಗಾಕ್ಕೆ ಹೊರಟಿದ್ದರು. ಹೋಗುವ ಮುನ್ನ ಕಿರಿಮಗಳ ಮದುವೆಯ ಸಿಡಿ ನೋಡುವ ಆಸೆ. ಕಂಪ್ಯೂಟರಿಗೆ ಹಾಕಿದೆ. ಮದುಮಗ ತಾಳಿ ಹಿಡಿದವನು ಹಾಗೇ ಕಲ್ಲಾಗಿ ನಿಂತ. ಮರುಕ್ಷಣ ಜಿಗಿದು ಊಟಕ್ಕೆ ಕೂತಿದ್ದ.

"ತಾಳಿ ಕಟ್ಟಿದ್ದು ಕಾಣ್ಲೇ ಇಲ್ಲ. ಲಗ್ನ ಆತೋ ಇಲ್ಲೋ?" ಅತ್ತೆ ಗಾಬರಿಯಾದರು.

"ಬಾಜೂ ಮನ್ಯಾಗ ಸಿಡಿ ಪ್ಲೇಯರ್ ಅದ, ಇಸ್ಕೊಂಡ್ ಬರ್ರಿ" ಎಂದಳು ಶಿವಕಾಂತಾ.

ನಾನು ಎರವಲು ತರುವ ಗಂಡಸೇ? "ಬ್ಯಾಡ. ಡ್ರೈವರ್ ಹಳೇದಾಗ್ಯದ. ಹೊಸಾದು ನಾನೇ ಕಟ್ತೀನಿ" ಎಂದೆ.

"ಡ್ರೈವರ್ ಯಾಕ್ರಿ ಅಳಿಯಾರ? ನಾ ಆಟೋದಾಗ ಹೋಗ್ತೀನಿ" ಎಂದರು ಅತ್ತೆ.

ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರೋಗ್ರಾಮಿಗೂ ಡ್ರೈವರ್ ಎನ್ನುತ್ತಾರೆಂದು ಉಪನ್ಯಾಸ ಕೊಟ್ಟು, ಅದರ ಮೂಲ ಬರಹವನ್ನು ಇಂಟರ್ನೆಟ್ಟಿನಿಂದ ಇಳಿಸಿ, ಕಂಪ್ಯೂಟರಿಗೆ ತಿಳಿಯುವ ಭಾಷೆಗೆ ಕಂಪೈಲ್ ಮಾಡಲು ಕೂತೆ. ಪರದೆಯ ತುಂಬ ಅಕ್ಷರಗಳು ಓಡಿದವು. ಆಮೇಲೆ ಒಂದು ಫೈಲ್ ಇಲ್ಲವೆಂದು ಮುನಿಸಿಕೊಂಡು ನಿಂತವು. ಅದನ್ನು ತಂದುಕೊಟ್ಟರೆ ಅದಕ್ಕೆ ಅದರ ಅಣ್ಣ ಬೇಕಂತೆ. ರೊಟ್ಟಿ ಆರಿತು, ಪಲ್ಯ ಆರಿತು. ಕೊನೆಗೂ ಕಂಪೈಲ್ ಮುಗಿದು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಪರದೆ ಕಗ್ಗತ್ತಲು!

"ಮೊದ್ಲು ಮದುಮಗ ನಿಂತಾದ್ರೂ ನಿಂತಿದ್ದ. ಈಗ ಅವನೂ ಓಡಿ ಹೋದ" ಎಂದಳು ಶಿವಕಾಂತಾ.

ಅತ್ತೆ ಚೀಲ ಕಟ್ಟಿ ಮುಗಿಸುವ ಹೊತ್ತಿಗೆ ನಾನು ತಪ್ಪು ಹುಡುಕಿ ತಿದ್ದಿದ್ದೆ. ಸಿಡಿ ಓಡಿತು. ಆಹಾ, ಎಣ್ಣೆ ಸುರಿದಂತೆ! ತಾಳಿ ಕಟ್ಟಿದ್ದು, ಅಕ್ಷತೆ ಬಿದ್ದದ್ದು, ಒಂದೊಂದು ಕಾಳೂ ಕಂಡಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಳಿಯಾರು ಭಾಳ ಶಾಣ್ಯಾರು" ಎಂದರು. ನಾನು ಹೆಂಡತಿಯತ್ತ ದಿಗ್ವಿಜಯದ ನೋಟ ಬೀರಿದೆ.

ಅಷ್ಟರಲ್ಲಿ ಕ್ಯಾಮೆರಾ ಊಟದ ಸಾಲಿಗೆ ತಿರುಗಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಅತ್ತಿತ್ತ ವಾಲುತ್ತ, ಅಡುಗೆಯವರನ್ನು ಗದರಿಸುತ್ತ ನಡೆದಿದ್ದರು. ಅವರ ಹಿಂದೆಯೇ, ಸೊಂಟದ ಮೇಲೆ ಕೈಯಿಟ್ಟು, ಅದೇ ಠೀವಿಯಲ್ಲಿ ವಾಲುತ್ತ, ಹುಸಿಯಾಗಿ ಗದರಿಸುತ್ತ ನಾನು! ಸಾಲಿನ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಳೆಯ ಡ್ರೈವರ್ ಪುಣ್ಯಾತ್ಮ ಇದನ್ನೆಲ್ಲ ನುಂಗಿ ನನ್ನ ಮಾನ ಕಾದಿತ್ತು. ಹೊಸದು ಒಂದು ಬಳುಕನ್ನೂ ಬಿಡಲಿಲ್ಲ.

ಮೌಸಿಗೆ ಕೈಹಾಕಿದೆ. ಅದು ಆಗಲೇ ಶಿವಕಾಂತಾಳ ಮುಷ್ಟಿಯಲ್ಲಿತ್ತು.

"ಚಿತ್ರ ಭಾಳ ಸ್ವಚ್ಛ ಬಂದದ್ರಿ ಅಳಿಯಾರ, ಇನ್ನೊಮ್ಮೆ ತೋರಿಸ್ರಿ" ಎಂದರು ಅತ್ತೆ, ತಣ್ಣಗೆ. ನೋಡಿ ಮುಗಿಸಿ ಮಗಳತ್ತ ತಿರುಗಿದರು: "ಶಿವೂ, ಚೀಲ ಬಿಚ್ಚು. ನಾ ಇನ್ನೊಂದು ತಿಂಗಳು ಇಲ್ಲೇ ಇರ್ತೀನಿ. ನನ್ನ ನಡಿಗಿ ಅಳಿಯಾರಿಗೆ ಇನ್ನೂ ಪೂರಾ ಬಂದಿಲ್ಲ."