ಮಾವನವರ ಹದಿನಾರು ನಟ್ಟುಗಳು

ನಮ್ಮ ಮಾವನವರಿಗೆ, ಅಂದರೆ ನನ್ನ ಗಂಡನ ತಂದೆಗೆ, ದೇವರ ಮೇಲೆ ನಂಬಿಕೆ ಇತ್ತು. ಪಂಚಾಂಗದ ಮೇಲೆ ಇತ್ತು. ಒಂದು ತೊಟ್ಟೂ ನೀರು ಬೆರೆಸಿಲ್ಲ ಎಂದು ದಿನಾ ಆಣೆಯಿಡುತ್ತಿದ್ದ ಹಾಲಿನವಳ ಮೇಲೂ ಇತ್ತು! ನಂಬಿಕೆ ಇಲ್ಲದೇ ಇದ್ದದ್ದು ತಮ್ಮ ಕಾರಿನ ಚಕ್ರಗಳನ್ನು ಹಿಡಿದುಕೊಂಡಿದ್ದ ಹದಿನಾರು ನಟ್ಟುಗಳ ಮೇಲೆ ಮಾತ್ರ.

ಕಾರು ಎರಡನೇ ಮಹಾಯುದ್ಧಕ್ಕೂ ಮುಂಚಿನದು. ಯಾರೋ ಇಂಗ್ಲಿಷ್ ದೊರೆ ಸೀಮೆಗೆ ವಾಪಸು ಹೊರಡುವಾಗ ಮಾರಿ ಹೋಗಿದ್ದನಂತೆ. ಐವತ್ತರ ದಶಕದ ಕೊನೆಯಲ್ಲಿ ಯಲಹಂಕದಲ್ಲಿ ಕಾರಿದ್ದ ಮನೆಗಳೇ ಕಡಿಮೆ. ಹಾಗಾಗಿ ಮಾವನವರು ಎಲ್ಲಿಗಾದರೂ ಹೊರಟರೆ ಬೀದಿಯವರು ನಿಂತು ನೋಡುತ್ತಿದ್ದರು. ನೋಡುವುದಕ್ಕೆ ಬೇಕಾದಷ್ಟು ಹೊತ್ತೂ ಸಿಗುತ್ತಿತ್ತು. ಮಾವನವರು ಪಂಚೆ ಎತ್ತಿ ಕಟ್ಟಿ, ಗೋಣಿಚೀಲ ಹಾಸಿ, ಚಕ್ರದ ಮುಂದೆ ಕೂತು ಸ್ಪ್ಯಾನರ್ ಕೈಗೆತ್ತಿಕೊಂಡರೆಂದರೆ ಮುಗಿಯಿತು. ಮೊದಲು ಒಂದು ನಟ್ಟು ಬಿಗಿಯಬೇಕು, ಆಮೇಲೆ ಅದರ ಎದುರಿನದು. ಪಕ್ಕದ್ದಲ್ಲ, ಎದುರಿನದೇ!

"ಒಂದೇ ಕಡೆ ಬಿಗಿದ್ರೆ ಚಕ್ರ ವಾಲುತ್ತೆ ಕಣಮ್ಮಾ" ಎನ್ನುತ್ತಿದ್ದರು ನನಗೆ.

ಈ ತತ್ತ್ವವನ್ನು ಸಂಸಾರಕ್ಕೂ ಅನ್ವಯಿಸಿಕೊಂಡಿದ್ದರು. ಊಟಕ್ಕೆ ಕೂತಾಗ ನನ್ನ ಹುಳಿಯನ್ನು ಹೊಗಳಿದರೆ ಮರುಕ್ಷಣವೇ ಅತ್ತೆಯವರ ಕಡೆ ತಿರುಗಿ, "ನಿನ್ನ ಉಪ್ಪಿನಕಾಯಿ ಇಲ್ದಿದ್ರೆ ಇದು ಗಂಟಲಲ್ಲಿ ಇಳೀತಿತ್ತೇನೇ?" ಎನ್ನುತ್ತಿದ್ದರು. ಅತ್ತೆ ಸೊಸೆ ಇಬ್ಬರನ್ನೂ ಹೀಗೆ ಸಮವಾಗಿ ಬಿಗಿದು, ನೆಮ್ಮದಿಯಾಗಿ ಮಜ್ಜಿಗೆ ಹಾಕಿಸಿಕೊಳ್ಳುತ್ತಿದ್ದರು.

ಚಕ್ರಗಳ ನಡುವೆ ಹೊಳೆಯುವ ತಟ್ಟೆಗಳಿರುತ್ತವಲ್ಲ, ಅವು ನಟ್ಟುಗಳನ್ನು ಮರೆಮಾಡುತ್ತವೆಂದು ಮಾವನವರು ನಾಲ್ಕನ್ನೂ ಕಿತ್ತುಹಾಕಿದ್ದರು. ಅತ್ತೆಯವರು ಅದರಲ್ಲೊಂದನ್ನು ಬೆಕ್ಕಿಗೆ ಹಾಲು ಹಾಕಲು ಇಟ್ಟುಕೊಂಡರು. ಇಡೀ ಯಲಹಂಕದಲ್ಲಿ ವಿಲಾಯಿತಿ ತಟ್ಟೆಯಲ್ಲಿ ಉಣ್ಣುತ್ತಿದ್ದ ಬೆಕ್ಕು ನಮ್ಮದೊಂದೇ ಇರಬೇಕು.

ಇನ್ನು ಕುಂಕುಮದ ವಿಷಯ. ನಟ್ಟು ಬಿಗಿದಾದ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ನಟ್ಟಿನ ಮೇಲಿನಿಂದ ಚಕ್ರದ ಮೇಲಕ್ಕೆ ಒಂದು ಗೆರೆ ಎಳೆಯುತ್ತಿದ್ದರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡಾಗಿ ಗುಟ್ಟು ಬಯಲಾಗುತ್ತಿತ್ತು. ಊರಿನವರಿಗೆ ಇದೆಲ್ಲ ಏನು ಗೊತ್ತು? ಅಟ್ಟೂರಿನಿಂದ ಸೊಪ್ಪು ತರುತ್ತಿದ್ದ ಅಜ್ಜಿ, "ನಿಮ್ ಮಾವ್ನೋರು ಬಲು ದೈವಭಕ್ತರು ಕಣವ್ವಾ, ಗಾಲಿಗೂ ಬೊಟ್ಟಿಕ್ತಾರೆ" ಎಂದು ಕಾರಿಗೆ ಕೈಮುಗಿದು ಹೋಗುತ್ತಿದ್ದಳು.

ಅಜ್ಜಿ ಹೋಗಲಿ, ಅತ್ತೆಯವರೂ ಅದನ್ನು ಪೂಜೆಯೆಂದೇ ತಿಳಿದಿದ್ದರು! ಒಂದು ಶುಕ್ರವಾರ ಪಾಪ, ಗೆರೆಗಳು ಮಾಸಿವೆಯೆಂದು ಎಲ್ಲವನ್ನೂ ಒರೆಸಿ, ಚಕ್ರ ತೊಳೆದು, ಹದಿನಾರು ನಟ್ಟಿಗೂ ದುಂಡಗೆ ಬೊಟ್ಟಿಟ್ಟು ಮೇಲೊಂದೊಂದು ಸೇವಂತಿಗೆ ಹೂ ಸಿಕ್ಕಿಸಿದರು. ಮಾವನವರು ಬಂದು ನೋಡಿ ತಲೆಯ ಮೇಲೆ ಕೈಹೊತ್ತು ಕೂತರು.

"ಸಾಕ್ಷೀನೆಲ್ಲ ಅಳಿಸಿಬಿಟ್ಯಲ್ಲೇ!"

"ಶುಕ್ರವಾರ ಕುಂಕುಮ ಇಟ್ರೆ ತಪ್ಪೇನ್ರೀ?"

ಮಾವನವರು ಮತ್ತೆ ಗೋಣಿಚೀಲ ಹಾಸಿದರು.

ತಮ್ಮ ಕಾರಿನದಷ್ಟೇ ಚಿಂತೆಯಾಗಿದ್ದರೆ ಹೇಗೋ ಸಹಿಸಬಹುದಿತ್ತು. ಯಶವಂತಪುರದಲ್ಲಿ ನೆಂಟರೊಬ್ಬರ ಮದುವೆಗೆ ಹೋಗಿದ್ದೆವು. ಊಟದ ಹೊತ್ತಿಗೆ ಮಾವನವರು ನಾಪತ್ತೆ. ಹುಡುಕಿಕೊಂಡು ಹೊರಗೆ ಬಂದರೆ ಛತ್ರದ ಮುಂದೆ ಗುಂಪು ಸೇರಿದೆ. ಗಂಡಿನ ಕಡೆಯ ದೊಡ್ಡ ಮನುಷ್ಯರೊಬ್ಬರು ಕೆಂಪಗಾಗಿ ಕೂಗಾಡುತ್ತಿದ್ದಾರೆ.

"ಯಾರ್ರೀ ನೀವು? ಹಾಡಹಗಲೇ ನನ್ನ ಕಾರಿನ ಗಾಲಿ ಬಿಚ್ತಿದೀರಲ್ಲ!"

"ಬಿಚ್ತಿಲ್ಲ ಸ್ವಾಮಿ, ಬಿಗೀತಿದೀನಿ" ಎಂದರು ಮಾವನವರು, ಸ್ಪ್ಯಾನರ್ ಬಿಡದೆ. "ಇಷ್ಟು ಸಡಿಲ ಇಟ್ಕೊಂಡು ಪಾಯಸ ಹೇಗ್ರೀ ಇಳೀತು ನಿಮಗೆ?"

ಆ ಮನುಷ್ಯರು ಬಗ್ಗಿ ಬೆರಳಿನಿಂದ ನಟ್ಟು ಮುಟ್ಟಿ ನೋಡಿದರು. ಅದು ಬೆರಳಿಗೇ ತಿರುಗಿತು. ಆಮೇಲೆ ಅವರು ಮಾವನವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಪಚರಿಸಿದ್ದೇನು, ಎರಡನೇ ಸಲ ಹೋಳಿಗೆ ಬಡಿಸಿದ್ದೇನು!

ನಾನು ಮದುವೆಯಾಗಿ ಮಾಕಳಿಯ ತೌರಿನಿಂದ ಬಂದದ್ದೂ ಇದೇ ಕಾರಿನಲ್ಲಿ. ಮನೆ ತುಂಬಿಸಿಕೊಳ್ಳಲು ಮುಹೂರ್ತ ನೋಡಿ ಅತ್ತೆಯವರು ಕಾಯುತ್ತಿದ್ದಾರೆ. ಜಾಲಹಳ್ಳಿಯ ಹತ್ತಿರ ಕಾರು ನಿಂತಿತು. ಸ್ವಲ್ಪ ದೂರ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಲೇಬೇಕಂತೆ! ಮಡಿಲಕ್ಕಿ ಹಿಡಿದು ನಾನು ಒಳಗೆ, ಸ್ಪ್ಯಾನರ್ ಹಿಡಿದು ಮಾವನವರು ಹೊರಗೆ. ಹಿಂದಿನಿಂದ ಬಂದ ಎತ್ತಿನಗಾಡಿಯವನು ಕೇಳಿದ:

"ಏನ್ ಸ್ವಾಮಿ, ಕೆಟ್ಟೋಯ್ತಾ?"

"ಕೆಟ್ಟಿಲ್ಲಪ್ಪ, ಕೆಡದೇ ಇರ್ಲಿ ಅಂತ ನಿಲ್ಸಿದೀನಿ."

ಅವನು ನನ್ನತ್ತ ಕನಿಕರದಿಂದ ನೋಡಿದ. "ಅಂಗಾದ್ರೆ ಮದುಮಗಳನ್ನ ನಮ್ ಗಾಡೀಲಿ ಕೂರ್ಸಿ ಸ್ವಾಮಿ, ನಿಮ್ಗಿಂತ ಮುಂಚೆ ಯಲಹಂಕ ಮುಟ್ಟಿಸ್ತೀನಿ!"

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮಾವನವರು ಎತ್ತಿನಗಾಡಿಯನ್ನು ಹಿಂದೆ ಹಾಕಿದ್ದನ್ನು ನಾನಂತೂ ನೋಡಿರಲಿಲ್ಲ. ನನ್ನ ಅಪ್ಪ ಈ ಕಥೆಯನ್ನು ನೆಂಟರಿಷ್ಟರಿಗೆಲ್ಲ ಹೇಳಿದ್ದೇ ಹೇಳಿದ್ದು.

ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಮಾಕಳಿಯಿಂದ ನನ್ನ ಚಿಕ್ಕಪ್ಪ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದರು. ಅಪ್ಪನಿಗೆ ಎದೆನೋವು. ಡಾಕ್ಟರು ಕೈಚೆಲ್ಲಿದ್ದಾರೆ.

"ನಿನ್ನನ್ನೇ ಕೇಳ್ತಿದಾರೆ ಕಣಮ್ಮಾ. ಬೇಗ ಹೊರಡು" ಎಂದರು.

ನನ್ನ ಗಂಡ ಆಫೀಸಿನಲ್ಲಿ. ಬಸ್ಸು ಕಾಯುತ್ತ ಕೂರುವಂತಿಲ್ಲ. ಮಾವನವರು ಕೂಡಲೇ ಕಾರು ಹೊರಗೆ ತೆಗೆದರು. ನಾನು ಚಪ್ಪಲಿ ಮೆಟ್ಟಿ ಓಡಿಬರುವಷ್ಟರಲ್ಲಿ ಅವರು ಗೋಣಿಚೀಲದ ಮೇಲೆ ಕೂತಾಗಿತ್ತು!

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ನನ್ನ ಅಪ್ಪನ ಜೀವ ಹೋಗುತ್ತಿದೆ, ಇಲ್ಲಿ ಇವರ ನಟ್ಟುಗಳ ಪುರಾಣ! ಮಾವನವರೆದುರು ಯಾವತ್ತೂ ದನಿ ಎತ್ತದವಳು ಕೂಗಿಬಿಟ್ಟೆ.

"ಇವತ್ತೊಂದು ದಿನ ಬಿಡಿ ಮಾವ! ನಿಮ್ಮ ಕಾಲಿಗೆ ಬೀಳ್ತೀನಿ!"

ಅವರು ತಲೆ ಎತ್ತಲಿಲ್ಲ. ಹಿಂದಿನ ದಿನವಷ್ಟೇ ಪಂಕ್ಚರ್ ಹಾಕಿಸಿ ಕೂಡಿಸಿದ್ದ ಚಕ್ರ ಅದು. ಸ್ಪ್ಯಾನರಿನಡಿ ನಟ್ಟು ಸರ್ರನೆ ಕಾಲು ಸುತ್ತು ತಿರುಗಿದ್ದು ನನಗೂ ಕಂಡಿತು.

"ಇವತ್ತೇ ಬಿಡ್ಬಾರ್ದು ಕಣಮ್ಮಾ. ಇವತ್ತು ಜೋರಾಗಿ ಓಡಿಸ್ಬೇಕು" ಎಂದರು.

ಓಡಿಸಿದರು ನೋಡಿ! ಹಾರನ್ ಒತ್ತಿದ ಕೈ ತೆಗೆಯಲಿಲ್ಲ. ಗಾಡಿಗಳು, ಕುರಿಮಂದೆ, ಕೊನೆಗೆ ಒಂದು ಬಸ್ಸನ್ನೂ ಹಿಂದೆ ಹಾಕಿದರು. ಹಿಂದಿನ ಸೀಟಿನಲ್ಲಿದ್ದ ಚಿಕ್ಕಪ್ಪ ಕಣ್ಣು ಮುಚ್ಚಿ ರಾಮನಾಮ ಹೇಳತೊಡಗಿದರು. ಜಾಲಹಳ್ಳಿ ಬಂತು, ಹೋಯಿತು. ಕಾರು ನಿಲ್ಲಲಿಲ್ಲ.

ಅಪ್ಪನಿಗೆ ಎಚ್ಚರವಿತ್ತು. ನನ್ನ ಕೈ ಹಿಡಿದುಕೊಂಡು, "ಇಷ್ಟು ಬೇಗ ಹೇಗಮ್ಮಾ ಬಂದೆ? ಬೀಗರನ್ನ ಮನೇಲೇ ಬಿಟ್ಟು ಬಂದ್ಯಾ?" ಎಂದರು.

"ಇಲ್ಲಪ್ಪ. ಅವರೇ ಕರ್ಕೊಂಡು ಬಂದ್ರು. ಬಸ್ಸನ್ನೂ ಹಿಂದೆ ಹಾಕಿದ್ರು."

ಅಪ್ಪ ನಕ್ಕರು. ಆ ನೋವಿನಲ್ಲೂ ಮನಸಾರೆ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ. ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ.

ಆ ಸಂಜೆ ಅಪ್ಪನಿಗೆ ಸ್ವಲ್ಪ ಮಂಪರು ಹತ್ತಿದ ಮೇಲೆ ಹೊರಗೆ ಬಂದಿದ್ದೆ. ಮಾವನವರು ಜಗಲಿಯ ಮೇಲೆ ಕೂತಿದ್ದರು. ಕೊಟ್ಟ ನೀರನ್ನೂ ಕುಡಿದಿರಲಿಲ್ಲ. ಕಾರಿನ ಕೀಲಿಯನ್ನು ಇನ್ನೂ ಮುಷ್ಟಿಯಲ್ಲೇ ಬಿಗಿಹಿಡಿದಿದ್ದರು. ಅಷ್ಟು ಜೋರಾಗಿ ಓಡಿಸುವಾಗ ಅವರಿಗೂ ಹೆದರಿಕೆಯಾಗಿತ್ತೆಂದು ನನಗೆ ಹೊಳೆದದ್ದೇ ಆಗ. ಹೋಗಿ ಅವರ ಪಕ್ಕದಲ್ಲಿ ಕೂತೆ.

"ಮಾತಾಡಿದ್ರೇನಮ್ಮಾ?"

"ಮಾತಾಡಿದ್ರು ಮಾವ. ನಿಮ್ಮ ಡ್ರೈವಿಂಗ್ ಸಮಾಚಾರ ಕೇಳಿ ನಕ್ಕರು."

ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ನಗ್ಲಿ ಬಿಡಮ್ಮಾ. ಎಷ್ಟು ಬೇಕಾದ್ರೂ ನಗ್ಲಿ."