ಕಂಬಳಿ ಹೊದ್ದ ಎಂಜಿನ್ನು

ನಮ್ಮ ದೇಶದ ಎಣ್ಣೆ ಬಾವಿಗಳು ಬತ್ತುತ್ತಿವೆಯೆಂದು ದೆಹಲಿಯವರಿಗಿಂತ ಮೊದಲು ಕಂಗಾಲಾದವರು ಬೇತಮಂಗಲದ ನಮ್ಮ ದೊಡ್ಡಪ್ಪ! ರಾಬರ್ಟ್‌ಸನ್‌ಪೇಟೆಯ ಕ್ಷೌರದಂಗಡಿಯಲ್ಲಿ ಆ ಸುದ್ದಿ ಓದಿ ಅರ್ಧ ಗಡ್ಡದಲ್ಲೇ ಎದ್ದು ಬಂದರಂತೆ. ಉಳಿದರ್ಧ ಯಾವಾಗ ಬೋಳಿಸಿಕೊಂಡರೋ, ಯಾರಿಗೂ ನೆನಪಿಲ್ಲ.

ಮನೆಗೆ ಹೊಂದಿಕೊಂಡೇ ಅವರದೊಂದು ರಾಗಿ ಬೀಸುವ ಮಿಲ್ಲಿತ್ತು. ಅದನ್ನು ತಿರುಗಿಸುವ ಡೀಸೆಲ್ ಎಂಜಿನ್ನಿಗಾಗಿ ಬಂಗಾರಪೇಟೆಯ ಬಂಕಿನಲ್ಲಿ ಡಬ್ಬ ಹಿಡಿದು ಕಾಯಬೇಕಿತ್ತು. "ಅರಬ್ಬರ ಅಂಗು ನಮಗ್ಯಾಕ್ಲಾ? ಬದುವಿನ ತುಂಬಾ ಒಂಗೆ ಮರ ಐತೆ," ಎಂದವರೇ ಹೊಂಗೆ ಬೀಜವನ್ನು ಗಾಣಕ್ಕೆ ಹಾಕಿಸಿ, ಎಣ್ಣೆಯನ್ನು ಎಂಜಿನ್ನಿಗೆ ಸುರಿದೇಬಿಟ್ಟರು. ಎಂಜಿನ್ನು ಓಡಿತೆ? ಓಡಿತು! ಹೊಗೆಗೆ ಬೀದಿಯ ಸೊಳ್ಳೆಗಳೂ ನಾಯಿಗಳೂ ಓಡಿದವು.

"ಅಣ್ಣಾ, ಮುದ್ದೆ ನಿಮ್ಮ ಎಂಜಿನ್ನಂಗೇ ನಾರ್ತದೆ," ಎಂದಳು ಹಿಟ್ಟು ಒಯ್ದಿದ್ದ ಹೆಂಗಸೊಬ್ಬಳು.

"ಒಳ್ಳೇದಮ್ಮ, ಒಟ್ಟೇಲಿ ಉಳ ಇರಾಕಿಲ್ಲ."

"ಅಂಗಾದ್ರೆ ಮೊದ್ಲು ನೀವು ತಿನ್ನಿ."

ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬೀದಿಯ ಕರೆಂಟ್ ಮಿಲ್ಲಿಗೆ ಹೋದರು. ಧನುರ್ಮಾಸ ಬಂತು. ಚಳಿಗೆ ಹೊಂಗೆ ಎಣ್ಣೆ ಹೆಪ್ಪುಗಟ್ಟಿತು. ದೊಡ್ಡಪ್ಪ ಟ್ಯಾಂಕಿನ ಮೇಲೆ ಬಿಸಿನೀರು ಹುಯ್ದು, ತಮ್ಮ ಕಂಬಳಿಯನ್ನೇ ಹೊದಿಸಿದರು. ದೊಡ್ಡಮ್ಮನಿಗೆ ರೇಗದೆ ಇದ್ದೀತೆ?

"ನಂಗೆ ಒಂದಿನಾನಾರ ಒದಿಸಿದ್ಯಾ? ಆ ಸವತಿಗೆ ಒದಿಸ್ತೀಯಾ," ಎಂದು ಜಗಳ ತೆಗೆದು, ಬರುವ ಸಂತೆಯ ದಿನ ಎಂಜಿನ್ನು ಹೊರಡದಿದ್ದರೆ ಅದನ್ನು ಗುಜರಿಗೆ ಹಾಕುವುದಾಗಿ ಆಣೆ ಮಾಡಿಸಿಕೊಂಡರು.

ಸಂತೆಯ ದಿನ ದೊಡ್ಡಪ್ಪನಿಗೆ ಸುಡುಸುಡು ಜ್ವರ! ಆದರೂ ಎದ್ದು ಕೂತು, ಮೈಮೇಲಿನ ಕಂಬಳಿ ಕೀಳುತ್ತಿದ್ದರು. "ಅದುಕ್ಕೆ ಒದಿಸ್ಬೇಕು... ಇವತ್ತು ಒರಡ್ದಿದ್ರೆ ಓಯ್ತು."

"ಸುಮ್ಕೆ ಮಲಗು," ಎಂದು ದೊಡ್ಡಮ್ಮ ಕಂಬಳಿಯನ್ನು ಮತ್ತೆ ಹೊದಿಸಿ ಹೊರಗೆ ಬಂದರು. ರಾಗಿ ಚೀಲ ಹೊತ್ತು ಬಂದಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಸುಮ್ಮನಿದ್ದಿದ್ದರೆ ಸಾಕಿತ್ತು, ಸವತಿ ತೊಲಗುತ್ತಿದ್ದಳು. ಅವರೋ ಟ್ರಂಕಿನಿಂದ ತಮ್ಮ ಧಾರೆ ಸೀರೆ ತೆಗೆದು ಟ್ಯಾಂಕಿಗೆ ಸುತ್ತಿದರು, ಹಂಡೆಯ ಬಿಸಿನೀರು ಹುಯ್ದರು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಗುವ ಹೊತ್ತಿಗೆ ಎಂಜಿನ್ನು ಕೆಮ್ಮಿ, ಸೀನಿ, ಹೊರಟಿತು.

"ಯಾರೇ ಅದು?" ಒಳಗಿನಿಂದ ದೊಡ್ಡಪ್ಪನ ದನಿ.

"ನನ್ನ ಸವತಿ ಎದ್ದವ್ಳೆ. ನೀನು ಮಲಕ್ಕೋ."

ದೊಡ್ಡಪ್ಪ ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಆ ಸೀರೆಯ ಹೊಂಗೆ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ. ದೊಡ್ಡಮ್ಮ ಕೊನೆಯವರೆಗೂ ಹಬ್ಬಕ್ಕೆಲ್ಲ ಅದನ್ನೇ ಉಟ್ಟರು.